ಹನ್ನೆರಡು ಜೊತೆ ಬೇರಿಂಗ್

ಬೇರಿಂಗೇ ಇರಬೇಕು. ಬೇರೆ ಏನಾದರೂ ಆಗಿದ್ದರೆ ಇಷ್ಟು ಸಣ್ಣಗೆ, ಇಷ್ಟು ಹಟದಿಂದ ಕೂಗುತ್ತಿರಲಿಲ್ಲ. ಆದರೆ ಬೇರಿಂಗ್ ಆಗಿದ್ದರೆ ಆಕ್ಸಿಲರೇಟರ್ ತಿರುವಿದಾಗ ಸದ್ದೂ ಜೊತೆಗೇ ಏರಬೇಕಿತ್ತು, ಬಿಟ್ಟಾಗ ಇಳಿಯಬೇಕಿತ್ತು. ಇದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎಂಜಿನ್ನಿನ ಗದ್ದಲದ ಹಿಂದೆ ಎಲ್ಲೋ ಒಂದೇ ಎತ್ತರದಲ್ಲಿ ಎಳೆದು ಕಟ್ಟಿದ ತಂತಿಯ ಹಾಗೆ ನಿಂತಿದೆ. ಪಿಸ್ಟನ್ನಿನ ಸದ್ದು ಹೀಗಿರುವುದಿಲ್ಲ, ಅದು ತಟ್ಟುತ್ತದೆ. ಗೇರಿನದೂ ಅಲ್ಲ, ಅದು ಕೊರೆಯುತ್ತದೆ. ಉಳಿದದ್ದು ಬೇರಿಂಗ್. ಅಸಲಿ ಬೇರಿಂಗಿಗೆ ಒಂದು ನಿಯಮವಿರುತ್ತದೆ, ಖೊಟ್ಟಿಗೆ ಯಾವ ನಿಯಮ? ಅದು ತನಗೆ ತೋಚಿದ ಹಾಗೆ ಕೂಗುತ್ತದೆ.

ಮೇಸ್ತ್ರಿ ಮಂಡಿಯೂರಿ ಕುಳಿತು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಹೊಟ್ಟೆಗೆ ಇಟ್ಟು, ಮರದ ಹಿಡಿಯನ್ನು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದಿದ್ದ. ಮೂವತ್ತೆಂಟು ವರ್ಷದಿಂದ ಅವನು ಎಂಜಿನ್ನುಗಳನ್ನು ಹೀಗೆಯೇ ಕೇಳಿದ್ದಾನೆ. ಬೇರೆ ಗ್ಯಾರೇಜಿನವರು ಕೈಸೋತಾಗ ಬೈಕು ತಳ್ಳಿಕೊಂಡು ಬಂದು, "ಒಂದ್ಸಲ ಕೇಳಿಬಿಡಿ ಮೇಸ್ತ್ರಿ" ಎನ್ನುತ್ತಾರೆ. ಅವನು ಕಣ್ಣುಮುಚ್ಚಿ ಕೇಳಿ, "ಕ್ಲಚ್ಚಿನ ಹಿಂದಿನ ಬುಷ್ಷು, ಎಡಗಡೆ" ಎನ್ನುತ್ತಾನೆ. ಬಿಚ್ಚಿದರೆ ಅದೇ ಆಗಿರುತ್ತದೆ. ಹಾಗಾಗಿ ಪೇಟೆಯಲ್ಲಿ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಅಸಲು ಹೆಸರು ಯಾರಿಗೂ ಬೇಕಾಗಿಲ್ಲ.

ಬೈಕು ಹಲ್ಲಿನ ಡಾಕ್ಟರದ್ದು. ಮಣ್ಣಿನಲ್ಲಿ, ಕಲ್ಲುಗುಡ್ಡದಲ್ಲಿ ಓಡಿಸಲೆಂದೇ ಮಾಡಿದ ಹಳೆಯ ಡರ್ಟ್ ಬೈಕು. ಎತ್ತರದ ಸೈಲೆನ್ಸರು, ಮೊಳೆಮೊಳೆಯಾದ ಟಯರು, ದೀಪವೇ ಇಲ್ಲದ ಮುಖ. ಡಾಕ್ಟರು ಹರೆಯದಲ್ಲಿ ಒಂದೇ ಒಂದು ವರ್ಷ ಅದರ ಮೇಲೆ ರೇಸು ಓಡಿಸಿ, ಎರಡು ಸಲ ಕಾಲು ಮುರಿದುಕೊಂಡು, ಆಮೇಲೆ ಊರಿನವರ ಹಲ್ಲು ಕೀಳುತ್ತ ನಲವತ್ತು ವರ್ಷ ಕಳೆದಿದ್ದರು. ಈಗ ಕ್ಲಿನಿಕ್ ಮುಚ್ಚಿದ್ದಾರೆ. ನಾಲ್ಕು ತಿಂಗಳ ಹಿಂದೆ ಬೈಕು ಎರಡು ಚೀಲ ಮತ್ತು ಒಂದು ಫ್ರೇಮಾಗಿ ಗ್ಯಾರೇಜಿಗೆ ಬಂದಿತ್ತು.

ಅಂದಿನಿಂದ ಮೇಸ್ತ್ರಿಗೆ ರಿಪೇರಿಗಿಂತ ಆಯ್ಕೆಯೇ ದೊಡ್ಡ ಕೆಲಸವಾಗಿತ್ತು. ಉದ್ದನೆಯ ಬೆಂಚಿನ ಮೇಲೆ ಹಳೆಯ ಪೇಪರು ಹಾಸಿ ಮೂರು ಸಾಲು ಮಾಡಿದ್ದ: ಉಳಿಸಿಕೊಳ್ಳಬಹುದಾದದ್ದು, ಲೇತಿನಲ್ಲಿ ಮಾಡಿಸಬೇಕಾದದ್ದು, ಹುಡುಕಿ ತರಬೇಕಾದದ್ದು. ಮೂರನೆಯ ಸಾಲು ದಿನದಿನಕ್ಕೆ ಬೆಳೆಯಿತು. ಹೊಸ ಪ್ಲಾಸ್ಟಿಕ್ ಮಡ್‌ಗಾರ್ಡು ಸ್ನಾನದ ಬಕೆಟ್ಟಿನ ಹಾಗೆ ಹೊಳೆಯುತ್ತಿದ್ದದ್ದಕ್ಕೆ ವಾಪಸು ಹೋಯಿತು. ಹಳೆಯದನ್ನೇ ಹಿಂದಿನಿಂದ ತಗಡು ಕೊಟ್ಟು ಹೊಲಿದ. ಕಾರ್ಬುರೇಟರು ಮೂರು ಬಂದವು, ಒಂದೂ ಹಿಡಿಸಲಿಲ್ಲ. ಕೊನೆಗೆ ಮೂರರ ಭಾಗ ಸೇರಿಸಿ ಒಂದು ಮಾಡಿಕೊಂಡ. ಬಂದ ಪ್ರತಿ ಸಾಮಾನನ್ನೂ ಅವನು ಮೊದಲು ಮೂಸಿ ನೋಡುತ್ತಿದ್ದ. ಆಮೇಲೆ ಕೈಯಲ್ಲಿ ತೂಗುತ್ತಿದ್ದ. ಆಮೇಲೆ ಕೊಟ್ಟವನ ಮುಖ ನೋಡುತ್ತಿದ್ದ.

"ಇಷ್ಟು ಅನುಮಾನ ಯಾಕ್ರೀ ಮೇಸ್ತ್ರಿ?" ಎಂದು ಡಾಕ್ಟರು ನಗುತ್ತಿದ್ದರು. "ನಾನು ಜೀವಮಾನವೆಲ್ಲಾ ಕಟ್ಟಿದ್ದು ಡೂಪ್ಲಿಕೇಟ್ ಹಲ್ಲೇ. ಜನ ಅದ್ರಲ್ಲೇ ನಕ್ಕರು, ಅದ್ರಲ್ಲೇ ಬೈದರು. ಏನಾಯ್ತು ಈಗ?"

"ನಿಮ್ಮ ಹಲ್ಲು ನಿಮಿಷಕ್ಕೆ ಏಳು ಸಾವಿರ ಸುತ್ತು ತಿರುಗಲ್ಲವಲ್ಲ ಡಾಕ್ಟ್ರೇ" ಎಂದಿದ್ದ ಮೇಸ್ತ್ರಿ.

ತೊಡಕಾದದ್ದು ಕ್ರ್ಯಾಂಕಿನ ಎರಡು ಬೇರಿಂಗು. ಈ ಎಂಜಿನ್ನಿಗೆ ಹೊರಬಳೆಯ ಸುತ್ತ ಒಂದು ಕಚ್ಚು ಇರುವ ಬೇರಿಂಗೇ ಬೇಕು. ಅಂಥದ್ದನ್ನು ಈಗ ಮಾಡುವುದಿಲ್ಲ. ತಂದುಕೊಟ್ಟವನು ಅಳಿಯ. ಅವನದು ಪೇಟೆಯ ಆ ತುದಿಯಲ್ಲಿ ಬಿಡಿಭಾಗಗಳ ಅಂಗಡಿ. ಹಳದಿಯಾದ ರಟ್ಟಿನ ಡಬ್ಬಿ ಎರಡನ್ನು ಬೆಂಚಿನ ಮೇಲಿಟ್ಟು, ಹೆತ್ತ ಮಗು ತೋರಿಸುವವನ ಹಾಗೆ ನಿಂತಿದ್ದ.

"ಹಳೇ ಸ್ಟಾಕು ಮಾವ. ಕಂಪನಿ ಮುಚ್ಚೋಕೆ ಮುಂಚಿನದು. ನನ್ನ ಕಾಲೇಜ್ ಗೆಳೆಯ ಇದಾನಲ್ಲ, ಗೋಡೌನ್ ಖಾಲಿ ಮಾಡ್ಸೋವಾಗ ಅವನಿಗೆ ಸಿಕ್ಕಿದ್ದು. ಹನ್ನೆರಡು ಜೊತೆ. ಪೂರ್ತಿ ನಾನೇ ಎತ್ಕೊಂಡೆ."

ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು ಹಾಕಿದ. ರಟ್ಟು ಹಳೆಯದು, ನಿಜ. ಆದರೆ ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು.

"ಅಂಟು ಹೊಸದಿದೆ."

"ಡಬ್ಬಿ ಬಾಯಿ ಬಿಟ್ಕೊಂಡಿತ್ತಂತೆ ಮಾವ. ಅವನೇ ಮತ್ತೆ ಅಂಟಿಸಿದಾನೆ."

ಉತ್ತರ ಸರಿಯಾಗಿಯೇ ಇತ್ತು. ಅಳಿಯನ ಉತ್ತರಗಳು ಯಾವಾಗಲೂ ಸರಿಯಾಗಿಯೇ ಇರುತ್ತಿದ್ದವು, ಮೇಸ್ತ್ರಿಗೆ ಅದೇ ಹಿಡಿಸುತ್ತಿರಲಿಲ್ಲ. ಕೈಗೆ ಎಣ್ಣೆ ಮೆತ್ತಿಕೊಳ್ಳದೆ ಗಲ್ಲಾದ ಹಿಂದೆ ಕುಳಿತು, ಬಂದವರಿಗೆಲ್ಲ ಅಣ್ಣ, ಅಕ್ಕ ಎನ್ನುತ್ತ ಬದುಕುವವನ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಸಣ್ಣ ಅಸಮಾಧಾನ. ಮಗಳು ಸುಖವಾಗಿದ್ದಾಳೆ, ಆದ್ದರಿಂದ ಅದನ್ನು ಬಾಯಿಬಿಟ್ಟು ಹೇಳಲೂ ಬರುತ್ತಿರಲಿಲ್ಲ.

ಮೊದಲ ಜೊತೆ ಹಾಕಿದ ದಿನವೇ ಸದ್ದು ಕೇಳಿತು. ಎಂಜಿನ್ನನ್ನು ಇಳಿಸಿ, ಪೂರ್ತಿ ಬಿಚ್ಚಿ, ಮೂರು ದಿನ ಬೆನ್ನು ಮುರಿದುಕೊಂಡು ಎರಡನೆಯ ಜೊತೆ ಹಾಕಿದ. ಇವತ್ತು ಅದೂ ಕೂಗುತ್ತಿದೆ.

ಅವನು ಎಂಜಿನ್ ನಿಲ್ಲಿಸಿ ಅಳಿಯನಿಗೆ ಫೋನು ಮಾಡಿ ಕರೆಸಿದ.

"ನೀವೇ ಕೇಳಿ ಅಳಿಯಂದ್ರೇ" ಎಂದು ಎಂಜಿನ್ನನ್ನು ಮತ್ತೆ ಎಬ್ಬಿಸಿ ಸ್ಕ್ರೂಡ್ರೈವರ್ ಕೈಗೆ ಕೊಟ್ಟ. ಮಾವನ ಬಾಯಲ್ಲಿ ನೀನು ಹೋಗಿ ನೀವು ಬಂದದ್ದು ಅಳಿಯನಿಗೆ ತಕ್ಷಣ ತಿಳಿಯಿತು. ಅವನು ಪ್ಯಾಂಟು ಮೇಲೆಳೆದುಕೊಂಡು ಕುಕ್ಕರಗಾಲಲ್ಲಿ ಕುಳಿತ. ಓಡುತ್ತಿದ್ದ ಎಂಜಿನ್ನಿಗೆ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಬಹಳ ಹೊತ್ತು ಕೇಳಿದ.

"ನನಗೇನೂ ಕೇಳಿಸ್ತಿಲ್ಲ ಮಾವ."

"ಮಾರೋರಿಗೆ ಹೇಗೆ ಕೇಳ್ಸುತ್ತೆ?"

ಅಳಿಯ ನಕ್ಕ. ನಗು ಅರ್ಧದಲ್ಲಿ ನಿಂತಿತು. "ನನ್ನ ಮೇಲೆ ಅನುಮಾನನಾ?"

"ನಿಮ್ಮ ಮೇಲಲ್ಲ. ಬೇರಿಂಗ್ ಮೇಲೆ."

"ಬೇರಿಂಗ್ ಕೊಟ್ಟಿದ್ದು ನಾನಲ್ವಾ?"

ಮೇಸ್ತ್ರಿ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಸುಮ್ಮನಿದ್ದ. ಆ ಮೌನದಲ್ಲಿ ಏನು ಬೇಕಾದರೂ ಕೇಳಿಸಿಕೊಳ್ಳಬಹುದಿತ್ತು. ಅಳಿಯ ಕೇಳಿಸಿಕೊಂಡು ಎದ್ದುಹೋದ.

ಮಾತು ಹೊರಬಿದ್ದದ್ದು ಲೇತಿನವನ ಹತ್ತಿರ. ಪಕ್ಕದ ಮಳಿಗೆಯೇ ಲೇತು. ಅಲ್ಲಿ ಬುಷ್ಷು ಕಡೆಯಲು ಕೊಟ್ಟು ಕಾಯುತ್ತ ನಿಂತಿದ್ದಾಗ ಲೇತಿನವನು, "ಇನ್ನೂ ಆಗ್ಲಿಲ್ವಾ ಡಾಕ್ಟರ ಕುದುರೆ?" ಎಂದು ಕೆಣಕಿದ.

"ಡಬ್ಬಿ ಹಳೇದು, ಒಳಗಿರೋದು ಹೊಸದು. ಏನ್ ಮಾಡ್ಲಿ?"

"ಯಾರು ಕೊಟ್ಟಿದ್ದು?"

ಮೇಸ್ತ್ರಿ ಪೇಟೆಯ ಆ ತುದಿಯ ಕಡೆ ಗಲ್ಲ ತೋರಿಸಿದ, ಅಷ್ಟೇ. ಹೆಸರು ಹೇಳಲಿಲ್ಲ. ಆಮೇಲೆ ಎಷ್ಟೋ ಸಲ ಅವನು ತನಗೆ ತಾನೇ ಅದನ್ನು ಹೇಳಿಕೊಂಡ: ನಾನು ಹೆಸರು ಹೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಗಳು ಬಂದಳು. ಸ್ಕೂಟರ್ ನಿಲ್ಲಿಸಿದವಳು ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದು, ಕಿಟಕಿಯಲ್ಲಿ ಕಿರುಚುತ್ತಿದ್ದ ರೇಡಿಯೊ ತಗ್ಗಿಸಿದಳು.

"ಇಷ್ಟು ಜೋರಾಗಿ ಯಾಕಪ್ಪ ಹಾಕ್ಕೊಂಡಿದೀಯ? ಆ ಕಡೆ ರಸ್ತೆಗೆ ಕೇಳ್ತಿದೆ."

"ಲೇತಿನ ಗದ್ದಲ. ಊಟ ಆಯ್ತಾ?"

"ಊಟ ಇರ್ಲಿ. ಲೇತಿನವನ ಹತ್ರ ನೀನು ಏನಂದೆ?"

"ಏನೂ ಅಂದಿಲ್ಲವಲ್ಲ."

"ಏನೂ ಅನ್ನದೆ ಇದ್ರೆ ಎರಡು ಗ್ಯಾರೇಜಿನವರು ಅದೇ ಬೇರಿಂಗ್ ತಂದು ಟೇಬಲ್ ಮೇಲೆ ಕುಕ್ಕಿ ಹೋಗ್ತಿದ್ರಾ? 'ನಿಮ್ಮ ಮಾವನೇ ಹೇಳಿದ ಮೇಲೆ ಇನ್ನೇನು' ಅಂದ್ರಂತೆ. ಹನ್ನೊಂದು ವರ್ಷದ ಅಂಗಡಿ ಅಪ್ಪ. ಇವತ್ತಿನ ತನಕ ಒಬ್ಬರ ಬಾಯಲ್ಲಿ ಒಂದು ಮಾತು ಬಂದಿರ್ಲಿಲ್ಲ."

"ನನ್ನ ಕಿವಿಗೆ ಕೇಳಿದ್ದು ನಾನು ಹೇಳ್ದೆ."

"ನಮ್ಮವರಿಗೆ ನಿದ್ದೆ ಇಲ್ಲ. ನಿನ್ನನ್ನ ಒಂದು ಮಾತು ಬೈದ್ರೂ ನನಗೆ ಸಮಾಧಾನ ಆಗ್ತಿತ್ತು. ಬೈಯಲ್ಲ. 'ಮಾವ ಹೇಳಿದಾರೆ ಅಂದ್ರೆ ಏನೋ ಇರ್ಬೇಕು' ಅಂತ ಸಾಮಾನೆಲ್ಲ ಹರಡ್ಕೊಂಡು ಕೂತಿದಾರೆ." ಅವಳು ಹೆಲ್ಮೆಟ್ ತೆಗೆದಳು. ಕೂದಲು ಹಣೆಗೆ ಅಂಟಿತ್ತು. "ನಿಜ ಹೇಳು. ನಿನಗೆ ಖಂಡಿತ ಗೊತ್ತಾ?"

ಮೇಸ್ತ್ರಿ ಬೈಕಿನ ಕಡೆ ನೋಡಿದ. "ನಾನು ಯಾವತ್ತಾದ್ರೂ ತಪ್ಪು ಹೇಳಿದೀನಾ?"

ಅವಳು ಹೆಲ್ಮೆಟ್ ಮತ್ತೆ ಹಾಕಿಕೊಂಡಳು. ಹೋಗುವಾಗ ರೇಡಿಯೊ ಮೊದಲಿನಷ್ಟೇ ಜೋರು ಮಾಡಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಅಳಿಯ ವ್ಯಾನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. "ಹತ್ತಿ ಮಾವ. ನನ್ನ ಸಾಮಾನೂ ಬೇಡ, ನನ್ನ ಗೆಳೆಯನ ಸಾಮಾನೂ ಬೇಡ. ಇನ್ನೊಬ್ಬರ ಹತ್ರ ಹೋಗೋಣ. ನೀವೇ ಆರಿಸಿ. ನಾನು ಮುಟ್ಟೋದೂ ಇಲ್ಲ."

ಎರಡು ಗಂಟೆಯ ದಾರಿ. ವ್ಯಾನಿನ ಸದ್ದಿನೊಳಗೂ ಮೇಸ್ತ್ರಿಗೆ ಎಲ್ಲೋ ಬೇರಿಂಗು ಕೂಗಿದ ಹಾಗಾಯಿತು. ಈ ವ್ಯಾನಿಗೂ ಇವನು ಅದೇ ಮಾಲು ಹಾಕಿರಬೇಕು ಎಂದುಕೊಂಡ.

ಆ ಊರಿನ ವ್ಯಾಪಾರಿ ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಮುದುಕ. ಗೋಡೌನಿನಲ್ಲಿ ಚಾವಣಿಯವರೆಗೆ ಗೂಡುಗಳು, ಗೂಡು ತುಂಬ ಕಬ್ಬಿಣ, ಎಲ್ಲದರ ಮೇಲೂ ಒಂದೇ ಬಣ್ಣದ ಧೂಳು. ಕಚ್ಚು ಇರುವ ಆ ಅಳತೆಯವು ಒಂಬತ್ತು ಸಿಕ್ಕವು. ಮೇಸ್ತ್ರಿ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಳಬಳೆಗೆ ಬೆರಳು ತೂರಿಸಿ, ಹೊರಬಳೆಯನ್ನು ತಿರುಗಿಸಿ ಕಿವಿಯ ಹತ್ತಿರ ಹಿಡಿದ. ಮೊದಲನೆಯದು ಕೂಗಿತು. ಎರಡನೆಯದೂ ಕೂಗಿತು. ಅವನು ಅವನ್ನು ಬದಿಗಿಟ್ಟು ಮೂರನೆಯದನ್ನು ಎತ್ತಿಕೊಂಡ. ಒಂಬತ್ತೂ ಕೂಗಿದವು.

ಅವನು ತಲೆಯೆತ್ತಿ ವ್ಯಾಪಾರಿಯನ್ನು ನೋಡಿದ. ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ ಅಳಿಯನನ್ನು ನೋಡಿದ. ಇಲ್ಲಿಗೇ ಯಾಕೆ ಕರೆತಂದ? ಇಷ್ಟು ಅಂಗಡಿಗಳಿರುವಾಗ? ನಿನ್ನೆಯೇ ಫೋನಿನಲ್ಲಿ ಮಾತಾಡಿಕೊಂಡಿರಬಹುದು.

"ಇವೆಲ್ಲ ಒಂದೇ ಕಡೆಯಿಂದ ಬಂದಿದ್ದಾ?"

"ಒಂದೇ ಕಡೆಯಿಂದ ಎಲ್ಲಿ ಬರುತ್ತೆ?" ಎಂದ ಮುದುಕ. "ನಾಲ್ಕು ಕಂಪನಿಯದಿದೆ. ಕೆಲವು ನಮ್ಮಪ್ಪನ ಕಾಲದ್ದು. ನೀವು ಹುಟ್ಟೋಕೆ ಮುಂಚೆ ಮಾಡಿದ್ದೂ ಇರಬಹುದು. ಎಲ್ಲಾ ಸರಿಯಾಗಿವೆ ಕಣ್ರೀ, ಕಣ್ಣುಮುಚ್ಚಿ ಎತ್ಕೊಳಿ."

ಮೇಸ್ತ್ರಿ ಕಣ್ಣುಮುಚ್ಚಿದ. ಈ ಸಲ ಕಿವಿಗೆ ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಎಂದು ಆಗ ಅವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಾಗುವುದು ಬೇಡವಾಗಿತ್ತು. ಬೆರಳ ತುದಿಯಲ್ಲೇ ನಿಧಾನವಾಗಿ ತಿರುಗಿಸಿ, ಎಲ್ಲಿಯೂ ಕಡಿಯದೆ ನೀರಿನ ಹಾಗೆ ಜಾರಿದ ಎರಡನ್ನು ಆರಿಸಿ ಜೇಬಿಗೆ ಹಾಕಿಕೊಂಡ.

ಮೂರನೆಯ ಸಲ ಎಂಜಿನ್ ಕಟ್ಟಿ ಮುಗಿದದ್ದು ಪೇಟೆಯ ವಾರದ ರಜೆಯ ದಿನ. ಬೆಳಗಿನ ಹತ್ತು ಗಂಟೆ. ಲೇತು ಮುಚ್ಚಿತ್ತು, ರಸ್ತೆಯಲ್ಲಿ ಜನವಿರಲಿಲ್ಲ. ಕರೆಂಟು ಹೋಗಿ ರೇಡಿಯೊ ತಾನಾಗಿಯೇ ಸುಮ್ಮನಾಗಿತ್ತು. ಮೇಸ್ತ್ರಿ ಕಿಕ್ಕರ್ ಒದ್ದ. ಎರಡನೆಯ ಒದೆತಕ್ಕೆ ಬೈಕು ನೀಲಿ ಹೊಗೆ ಉಗುಳಿ ಎದ್ದಿತು. ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಸದ್ದು ಇತ್ತು. ಅದೇ ಎತ್ತರ, ಅದೇ ತಂತಿ.

ಅವನು ಎಂಜಿನ್ ನಿಲ್ಲಿಸಿದ.

ಎಂಜಿನ್ ನಿಂತ ಮೇಲೆ ಕಿವಿಯಲ್ಲಿ ಸ್ವಲ್ಪ ಹೊತ್ತು ಗುಂಯ್‌ಗುಡುವುದು ಈ ಕಸುಬಿನವರಿಗೆಲ್ಲ ಇದ್ದದ್ದೇ. ಅದು ಹೋಗಲೆಂದು ಅವನು ಸ್ಟೂಲಿನ ಮೇಲೆ ಕುಳಿತ. ಬಿಸಿಯಾದ ಲೋಹ ಟಿಕ್, ಟಿಕ್ ಎನ್ನುತ್ತ ಆರತೊಡಗಿತು. ಆಮೇಲೆ ಅದೂ ನಿಂತಿತು. ಸದ್ದು ನಿಲ್ಲಲಿಲ್ಲ. ಅವನು ಎದ್ದು ಹೋಗಿ ಸ್ಕ್ರೂಡ್ರೈವರಿನ ತುದಿಯನ್ನು ತಣ್ಣಗಾದ ಎಂಜಿನ್ನಿಗಿಟ್ಟು ಹಿಡಿಯನ್ನು ಮೂಳೆಗೆ ಒತ್ತಿದ. ಸದ್ದು ಇತ್ತು. ಬೆಂಚಿಗೆ ಇಟ್ಟು ಕೇಳಿದ, ಬೆಂಚು ಕೂಗುತ್ತಿತ್ತು. ಗೋಡೆಗೆ ಇಟ್ಟ, ಗೋಡೆ ಕೂಗುತ್ತಿತ್ತು. ಕುಡಿಯುವ ನೀರಿನ ಕೊಡ ಕೂಗುತ್ತಿತ್ತು. ಕೊನೆಗೆ ಸ್ಕ್ರೂಡ್ರೈವರನ್ನು ಯಾವುದಕ್ಕೂ ತಾಗಿಸದೆ, ಗಾಳಿಯಲ್ಲಿ ಚಾಚಿ ಹಿಡಿದು, ಕುರುಡನ ಹಾಗೆ ಗ್ಯಾರೇಜಿನ ನಡುವೆ ನಿಂತ.

ಹಾಗೆ ನಿಂತಿದ್ದಾಗಲೇ ಅಳಿಯ ಬಾಗಿಲಲ್ಲಿ ಕಾಣಿಸಿಕೊಂಡ. ಬಂದ ಸದ್ದು ಮೇಸ್ತ್ರಿಗೆ ಕೇಳಿಸಿರಲಿಲ್ಲ.

"ಹೊಗೆ ವಾಸನೆ ಬಂತು. ಸ್ಟಾರ್ಟ್ ಮಾಡಿದ್ರಾ?" ಅವನ ದನಿ ಒಣಗಿತ್ತು. ಗಡ್ಡ ಬೆಳೆದಿತ್ತು. "ಹೇಗಿದೆ ಮಾವ ಈಗ?"

ಮೇಸ್ತ್ರಿ ಅವನನ್ನು ನೋಡಿದ. ಸದ್ದು ಬೇರಿಂಗಿನದಲ್ಲ ಎಂದು ಹೇಳಲು ಎರಡೇ ಮಾತು ಸಾಕಾಗಿತ್ತು. ಅಳಿಯ ಅದನ್ನು ಯಾರಿಗೂ ಎತ್ತಿ ಆಡುತ್ತಿರಲಿಲ್ಲ, ಅದು ಮೇಸ್ತ್ರಿಗೆ ಗೊತ್ತಿತ್ತು. ಆದರೆ ಲೇತಿನವನಿಗೆ ಹೇಳಬೇಕಾಗುತ್ತಿತ್ತು. ಬೇರಿಂಗು ಕುಕ್ಕಿ ಹೋದ ಆ ಇಬ್ಬರಿಗೆ ಹೇಳಬೇಕಾಗುತ್ತಿತ್ತು. ಆಮೇಲೆ ಯಾರು ಬೈಕು ತಳ್ಳಿಕೊಂಡು ಬಂದು ಒಂದ್ಸಲ ಕೇಳಿ ಅನ್ನುತ್ತಾರೆ? ಬೇರೆ ಮೇಸ್ತ್ರಿಗಳಿಗೆ ಕೈಯಿದೆ, ಕಣ್ಣಿದೆ, ಮಾತಿದೆ. ತನಗೆ ಇದ್ದದ್ದು ಇದೊಂದು.

"ಈಗ ಸರಿಯಾಗಿದೆ" ಎಂದ.

ಅಳಿಯ ಸ್ಟೂಲಿನ ಮೇಲೆ ಕುಸಿದು ಕುಳಿತ. ಅವನ ಮುಖದಲ್ಲಿ ಮೊದಲು ನೆಮ್ಮದಿಯಂಥದ್ದೇ ಏನೋ ಕಂಡಿತು, ಆಮೇಲೆ ಅದು ಕಂದಿತು. "ಅಂದ್ರೆ ನನ್ನದು ಖೊಟ್ಟಿನೇ."

ಮೇಸ್ತ್ರಿ ಸ್ಕ್ರೂಡ್ರೈವರನ್ನು ಗೋಡೆಯ ಮೊಳೆಗೆ ತೂಗುಹಾಕಿದ.

"ನೀವು ಹಿಡಿದಿದ್ದು ಒಳ್ಳೇದೇ ಆಯ್ತು ಮಾವ. ನನ್ನ ಮೇಲೇ ಅನುಮಾನ ಅಂತ ಸ್ವಲ್ಪ ಬೇಜಾರಾಗಿತ್ತು. ಅದು ನನ್ನ ತಪ್ಪು. ನೀವು ಹೇಳದೆ ಇದ್ದಿದ್ರೆ ಎಲ್ಲರಿಗೂ ಅದನ್ನೇ ಮಾರ್ತಿದ್ದೆ." ಜೇಬಿನಿಂದ ಫೋನು ತೆಗೆದು ಅಲ್ಲೇ ಗೆಳೆಯನಿಗೆ ಹಚ್ಚಿದ. ಅತ್ತಲಿಂದ ಏನು ಬಂತೋ ಮೇಸ್ತ್ರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಅಳಿಯನ ಮಾತು ಮಾತ್ರ ಕೇಳಿಸಿತು.

"ಆಣೆ ಪ್ರಮಾಣ ಎಲ್ಲ ಬೇಡ ಕಣೋ... ಇಲ್ಲ, ಗೋಡೌನಿನ ಕಥೆ ಸಾಕು... ಹದಿನೈದು ವರ್ಷದ ಸ್ನೇಹ ಅಂತ ನೀನು ನೆನೆಸ್ಕೋಬೇಕಿತ್ತು. ನನ್ನ ಮಾವನ ಕಿವಿ ಸುಳ್ಳು ಹೇಳಲ್ಲ... ಇನ್ಮೇಲೆ ಫೋನ್ ಮಾಡ್ಬೇಡ."

ಫೋನು ಇಟ್ಟು ಅವನು ಹೊರಗೆ ಹೋಗಿ ವ್ಯಾನಿನಿಂದ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದ. ಗ್ಯಾರೇಜಿನವರು ವಾಪಸು ಕೊಟ್ಟವೂ ಸೇರಿ ಹತ್ತು ಜೊತೆ ಅದರಲ್ಲಿದ್ದವು. ಮೇಸ್ತ್ರಿ ಬಿಚ್ಚಿ ತೆಗೆದಿದ್ದ ಎರಡು ಜೊತೆಯನ್ನೂ ಬೆಂಚಿನಿಂದ ಎತ್ತಿ ಅದಕ್ಕೆ ಹಾಕಿದ.

"ಗುಜರಿಗೆ ಹಾಕಿದ್ರೆ ಯಾರೋ ಒರೆಸಿ ಮತ್ತೆ ಮಾರ್ತಾರೆ. ನಾನೇ ಒಡೆದು ಹಾಕ್ತೀನಿ. ಸುತ್ತಿಗೆ ಕೊಡಿ."

"ಬಿಡು. ಹೋಗ್ಲಿ."

"ಇಲ್ಲ ಮಾವ. ನನ್ನ ಹೆಸರಲ್ಲಿ ಹೋಗಿದ್ದು."

ಮೇಸ್ತ್ರಿ ದೊಡ್ಡ ಸುತ್ತಿಗೆಯನ್ನು ತಂದುಕೊಟ್ಟ. ಚೂರು ಸಿಡಿಯದಂತೆ ಬೇರಿಂಗಿನ ಮೇಲೆ ಒದ್ದೆ ಗೋಣಿ ಮುಚ್ಚಬೇಕೆಂದು ತಾನೇ ತೋರಿಸಿದ. ಅಭ್ಯಾಸವಿಲ್ಲದ ಕೈ, ಮೊದಲ ಪೆಟ್ಟುಗಳು ಜಾರಿದವು. ಬಳೆ ಸುಲಭಕ್ಕೆ ಒಡೆಯಲಿಲ್ಲ. ಅಳಿಯ ಶರ್ಟು ಬಿಚ್ಚಿಟ್ಟು, ಬೆವರಿಳಿಸುತ್ತ, ಎರಡೂ ಕೈಯಿಂದ ಎತ್ತಿ ಎತ್ತಿ ಹೊಡೆದ. ಆರನೆಯದೋ ಏಳನೆಯದೋ ಪೆಟ್ಟಿಗೆ ಚಳ್ ಎಂದಿತು. ಗೋಣಿ ಸರಿಸಿ ಒಂದು ತುಂಡನ್ನು ಎತ್ತಿ ಮಾವನ ಅಂಗೈಗೆ ಹಾಕಿದ.

"ನೋಡಿ, ಎಂಥ ದರಿದ್ರ ಉಕ್ಕು."

ಮೇಸ್ತ್ರಿ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದ. ಕೆಟ್ಟ ಉಕ್ಕು ಒಡೆದರೆ ಒಳಗೆ ಸಕ್ಕರೆಯ ಹಾಗೆ ಹರಳುಹರಳಾಗಿ ಕಾಣುತ್ತದೆ. ಇದು ಬೂದುಬಣ್ಣದ ರೇಷ್ಮೆಯಂತೆ ನುಣ್ಣಗೆ, ಒಂದೇ ಸಮನಾಗಿತ್ತು. ಇಂಥ ಉಕ್ಕನ್ನು ಅವನು ನೋಡಿ ಬಹಳ ವರ್ಷಗಳಾಗಿದ್ದವು.

"ಹೂಂ" ಎಂದ.

ಅಳಿಯ ಮುಂದಿನದನ್ನು ಕಲ್ಲಿನ ಮೇಲಿಟ್ಟು ಗೋಣಿ ಮುಚ್ಚಿದ. ಮೇಸ್ತ್ರಿ ಬಗ್ಗಿ ಗೋಣಿಯ ಅಂಚನ್ನು ಹಿಡಿದುಕೊಂಡ. ಹನ್ನೆರಡು ಜೊತೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮುಂದಿನ ವಾರ ಹಲ್ಲಿನ ಡಾಕ್ಟರು ಬೈಕು ಹತ್ತಿ ರಸ್ತೆಯ ತುದಿಯವರೆಗೆ ಹೋಗಿ, ಮಗುವಿನ ಹಾಗೆ ನಗುತ್ತ ವಾಪಸು ಬಂದರು. ಲೇತಿನವನು ಹೊರಗೆ ಬಂದು ಚಪ್ಪಾಳೆ ತಟ್ಟಿದ. ಅಳಿಯನನ್ನು ಅವನ ಸ್ವಂತ ಗೆಳೆಯನೇ ಹೇಗೆ ಮೋಸಗೊಳಿಸಿದ, ಮಾವ ಅದನ್ನು ಹೇಗೆ ಕಿವಿಯಲ್ಲೇ ಹಿಡಿದ ಎಂದು ಪೇಟೆಯಲ್ಲಿ ಬಹಳ ದಿನ ಮಾತಾಡಿಕೊಂಡರು. ಕೇಳಿದವರಿಗೆಲ್ಲ ಮಗಳೂ ಅದನ್ನೇ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ. ಎಂಜಿನ್ ನಿಂತ ಮೇಲೂ ಸದ್ದು ನಿಂತಿರಲಿಲ್ಲ ಎಂಬುದನ್ನು ಮೇಸ್ತ್ರಿ ಯಾರಿಗೂ ಹೇಳಲಿಲ್ಲ.